ಸತ್ಯಾಂಶ: ಪ್ಲಗ್‌ಗೆ ಸಿಕ್ಕಿಸುವ ಡಬ್ಬಿಯಿಂದ ಕರೆಂಟ್ ಬಿಲ್ ಇಳಿಯುವುದಿಲ್ಲ

‘ಈ ಪುಟ್ಟ ಡಬ್ಬಿಯನ್ನು ಪ್ಲಗ್‌ಗೆ ಹಾಕಿ, ಬಿಲ್ ಅರ್ಧಕ್ಕರ್ಧ ಇಳಿಯುತ್ತದೆ’ ಎಂಬ ಸಂದೇಶ ಮತ್ತೆ ಮತ್ತೆ ಫಾರ್ವರ್ಡ್ ಆಗುತ್ತಿದೆ. ಇದು ಸುಳ್ಳು.

ಡಬ್ಬಿಯೊಳಗೆ ಸಾಮಾನ್ಯವಾಗಿ ಇರುವುದು ಒಂದು ಕೆಪಾಸಿಟರ್ (ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಡುವ ಬಿಡಿಭಾಗ), ಒಂದು ಎಲ್‌ಇಡಿ ದೀಪ, ಅಷ್ಟೆ. (ಬಿಚ್ಚಿ ನೋಡಲು ಹೋಗಬೇಡಿ, ಪ್ಲಗ್‌ನಿಂದ ತೆಗೆದ ಮೇಲೂ ಕೆಪಾಸಿಟರ್ ಷಾಕ್ ಹೊಡೆಯಬಹುದು.) ಮೋಟಾರುಗಳು ಎಳೆದು ಹಿಂತಿರುಗಿಸುವ ರಿಯಾಕ್ಟಿವ್ ಕರೆಂಟನ್ನು ಕೆಪಾಸಿಟರ್ ಸರಿದೂಗಿಸುತ್ತದೆ ಎನ್ನುವುದು ನಿಜ. ಕಾರ್ಖಾನೆಗಳಿಗೆ ಅದರಿಂದ ಲಾಭವಿದೆ. ಆದರೆ ಮನೆಯ ಮೀಟರ್ ಸಾಮಾನ್ಯವಾಗಿ ಆ ಕರೆಂಟನ್ನು ಯೂನಿಟ್‌ಗೆ ಸೇರಿಸುವುದೇ ಇಲ್ಲ. ಲೆಕ್ಕದಲ್ಲೇ ಇಲ್ಲದ್ದು ಉಳಿಯುವುದು ಹೇಗೆ?

ನೀವೇ ಪರೀಕ್ಷಿಸಬಹುದು. ಮೀಟರಿನ ಮೇಲೆ ಮಿನುಗುವ ಸಣ್ಣ ದೀಪದ ಪಕ್ಕ 3200 ಎಂಬಂಥ ಸಂಖ್ಯೆ ಇರುತ್ತದೆ: ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್. ಫ್ರಿಜ್ ಸೇರಿ ಎಲ್ಲವನ್ನೂ ಆಫ್ ಮಾಡಿ, 75 ವ್ಯಾಟಿನ ಒಂದು ಫ್ಯಾನನ್ನು ಪೂರ್ತಿ ವೇಗದಲ್ಲಿ ತಿರುಗಿಸಿ. ಸಂಖ್ಯೆ 3200 ಆಗಿದ್ದರೆ 10 ನಿಮಿಷಕ್ಕೆ ಸುಮಾರು 40 ಮಿನುಗು. ಈಗ ಡಬ್ಬಿ ಸಿಕ್ಕಿಸಿ ಮತ್ತೆ ಎಣಿಸಿ. ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ರೆಗ್ಯುಲೇಟರ್ ಮಾತ್ರ ಮುಟ್ಟಬೇಡಿ, ವೇಗ ಬದಲಾದರೆ ಎಣಿಕೆ ಕೆಡುತ್ತದೆ.

ಅದೇ ಹಣವನ್ನು ಬಿಎಲ್‌ಡಿಸಿ ಫ್ಯಾನಿಗೆ (ಕಡಿಮೆ ಕರೆಂಟ್ ಎಳೆಯುವ, ಬ್ರಷ್ ಇಲ್ಲದ ಡಿಸಿ ಮೋಟಾರಿನ ಫ್ಯಾನ್) ಸೇರಿಸಿಡುವುದು ಮೇಲು. ಅದಕ್ಕೆ ಸುಮಾರು 30 ವ್ಯಾಟ್ ಸಾಕು: 10 ನಿಮಿಷಕ್ಕೆ 16 ಮಿನುಗು. ದಿನಕ್ಕೆ 10 ಗಂಟೆ ತಿರುಗಿಸಿದರೆ ತಿಂಗಳಿಗೆ ಒಂದು ಫ್ಯಾನಿನಿಂದ 13.5 ಯೂನಿಟ್ ಉಳಿತಾಯ. ಹೆಚ್ಚು ಹೊತ್ತು ಓಡುವ ಫ್ಯಾನನ್ನೇ ಮೊದಲು ಬದಲಿಸಿ.