ನಾನೆಲ್ಲಿ ಕೂತ್ಕೊಳ್ಳಲಿ?

ಜಾತಕ ಹಿಡಿದು ಕೂತರೆ ಸನ್‌ಫಿಶ್‌ಗೂ ಲೇಸರ್‌ಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಎರಡೂ ಪುಟ್ಟ ಹಾಯಿದೋಣಿಗಳು, ನಾನು ಕೊಳ್ಳಬೇಕೆಂದು ಹೊರಟದ್ದು ಇವೆರಡರಲ್ಲೊಂದನ್ನು. ಸನ್‌ಫಿಶ್‌ನ ಉದ್ದ 13 ಅಡಿ 9 ಇಂಚು, ಲೇಸರ್‌ನದು ಅದಕ್ಕಿಂತ ಒಂದೆರಡು ಇಂಚು ಹೆಚ್ಚು. ಹಾಯಿ ಒಂದಕ್ಕೆ 75 ಚದರಡಿ, ಇನ್ನೊಂದಕ್ಕೆ 76. ತೂಕ ಎರಡೂ 60 ಕಿಲೋ ಆಸುಪಾಸು. ನಾವಿರುವ ಕನೆಕ್ಟಿಕಟ್‌ನಲ್ಲಿ ಬೇಸಿಗೆ ಬಂತೆಂದರೆ ಯಾರದೋ ಮನೆಯಂಗಳದ ಹುಲ್ಲಿನ ಮೇಲೆ, 'ಮಾರಾಟಕ್ಕಿದೆ' ಎಂಬ ಚೀಟಿ ಅಂಟಿಸಿಕೊಂಡು, ಇವು ಬೋರಲು ಮಲಗಿರುತ್ತವೆ. ಹತ್ತಿರ ಹೋಗಿ ತಡವಿದರೆ ಮಾತ್ರ ಗೊತ್ತಾಗುತ್ತದೆ: ಸನ್‌ಫಿಶ್‌ನ ಹೊಟ್ಟೆ ಚಪ್ಪಟೆ, ಅಂಚಿನಲ್ಲಿ ಏಣು. ಲೇಸರ್‌ನದು ನುಣುಪಾದ ದುಂಡು.

ಸನ್‌ಫಿಶ್ ಈ ರಾಜ್ಯದ್ದೇ ಕೂಸು. ವಾಟರ್‌ಬರಿಯ ಅಲೆಕ್ಸ್ ಬ್ರಯನ್ ಮತ್ತು ಕಾರ್ಟ್‌ಲ್ಯಾಂಡ್ ಹೈನಿಗರ್ ಎಂಬ ಗೆಳೆಯರ ಕಂಪನಿ 1950ರ ದಶಕದಲ್ಲಿ ಅದನ್ನು ಮಾಡಿತು. ಅದಕ್ಕೆ ಮೊದಲು ಅವರು ಮಾಡುತ್ತಿದ್ದ ಸೇಲ್‌ಫಿಶ್ ಹೆಚ್ಚುಕಮ್ಮಿ ಒಂದು ಹಲಗೆ, ಕಾಲು ಎಲ್ಲಿಡುವುದೆಂದೇ ತಿಳಿಯುತ್ತಿರಲಿಲ್ಲ. ಅದನ್ನೇ ಅಗಲ ಮಾಡಿ, ನಡುವೆ ಕಾಲು ಇಳಿಬಿಡಲು ಒಂದು ಗುಂಡಿ ಇಟ್ಟರು. ನನ್ನ ಪ್ರಕಾರ ಆ ದೋಣಿಯ ಇಡೀ ತತ್ವಶಾಸ್ತ್ರ ಇರುವುದು ಆ ಗುಂಡಿಯಲ್ಲೇ.

ಲೇಸರ್ ಕೆನಡಾದ್ದು. ದೋಣಿ ವಿನ್ಯಾಸಕ ಬ್ರೂಸ್ ಕರ್ಬಿ ಫೋನಿನಲ್ಲಿ ಮಾತಾಡುತ್ತಾ ಗೀಚಿದ ಚಿತ್ರದಿಂದ ಹುಟ್ಟಿ, 1971ರಲ್ಲಿ ನ್ಯೂಯಾರ್ಕ್ ದೋಣಿ ಪ್ರದರ್ಶನಕ್ಕೆ ಬಂತು. ಮೊದಲ ಮಾದರಿಯ ಹೆಸರು ವೀಕೆಂಡರ್. ಶನಿವಾರ ಭಾನುವಾರ ಆಡಲೆಂದು ಹುಟ್ಟಿದ್ದು 1996ರಲ್ಲಿ ಒಲಿಂಪಿಕ್ಸ್‌ಗೇ ಹೋಗಿ ಕೂತಿತು. ನಮ್ಮ ವಿಷ್ಣು ಸರವಣನ್ ಟೋಕಿಯೋ, ಪ್ಯಾರಿಸ್ ಎರಡರಲ್ಲೂ ಓಡಿಸಿದ್ದು ಇದನ್ನೇ. ನೇತ್ರಾ ಕುಮನನ್ ಓಡಿಸಿದ್ದು ಇದೇ ದೋಣಿಗೆ ಚಿಕ್ಕ ಹಾಯಿ ಕಟ್ಟಿದ್ದನ್ನು. ಇದನ್ನೆಲ್ಲ ಓದಿದ ಮೇಲೆ ಐವತ್ತು ದಾಟಿದ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ಗಂಡಸಿಗೆ ಯಾವ ದೋಣಿಯ ಮೇಲೆ ಮನಸ್ಸಾಗುತ್ತದೆಂದು ಬೇರೆ ಹೇಳಬೇಕೆ?

ಆದರೆ ಲೇಸರ್ ಸುಮ್ಮನೆ ಕೂರಲು ಬಿಡುವ ದೋಣಿಯಲ್ಲ. ಗಾಳಿ ಜೋರಾದರೆ ಪಾದಗಳನ್ನು ಪಟ್ಟಿಯೊಳಗೆ ಸಿಕ್ಕಿಸಿ, ಸೊಂಟದಿಂದ ಮೇಲಿನ ಮೈಯನ್ನೆಲ್ಲ ನೀರಿನ ಮೇಲೆ ಆಚೆ ಚಾಚಬೇಕು. ತೊಡೆ ನಡುಗುತ್ತದೆ. ಹಾಯಿಯ ಬುಡದ ಅಡ್ಡಗೋಲು ಎಷ್ಟು ತಗ್ಗಿನಲ್ಲಿದೆಯೆಂದರೆ ತಿರುಗುವಾಗ ತಲೆ ತಗ್ಗಿಸದವರಿಗೆ ಅದೇ ಬುದ್ಧಿ ಕಲಿಸುತ್ತದೆ. ಸಾಲದ್ದಕ್ಕೆ, ಹಾಯಿಯ ಅಂಚಿನಲ್ಲಿ ಹೊಲಿದ ಉದ್ದನೆಯ ಚೀಲವನ್ನು ದಡದಲ್ಲೇ ಕೂವೆಮರಕ್ಕೆ ತೊಡಿಸಿಬಿಟ್ಟಿರುತ್ತಾರೆ. ನೀರಿನ ನಡುವೆ ಹೆದರಿಕೆಯಾಯಿತು, ಹಾಯಿ ಇಳಿಸೋಣ ಎಂದರೆ ಇಳಿಸಲು ಹಗ್ಗವೇ ಇಲ್ಲ! ಸನ್‌ಫಿಶ್‌ನಲ್ಲಿ ಹಗ್ಗ ಬಿಚ್ಚಿದರೆ ಹಾಯಿ ಬುಡಕ್ಕೆ ಬಂದು ಬೀಳುತ್ತದೆ. ಗಿಡ್ಡ ಕೂವೆ, ಎರಡು ಗಳುಗಳ ನಡುವೆ ಬಿಗಿದ ಮುಕ್ಕೋನದ ಓರೆ ಹಾಯಿ. ಮಂಗಳೂರು ಹೆಂಚು ತುಂಬಿಕೊಂಡು ಮುಂಬಯಿಗೆ ಹೋಗುತ್ತಿದ್ದ ಪತ್ತೆಮಾರಿಗಳದ್ದೂ ಇದೇ ಕುಲದ ಹಾಯಿ. ಸನ್‌ಫಿಶ್ ಕೊಳ್ಳಲು ಕನ್ನಡದವನಿಗೆ ಇದೂ ಒಂದು ನೆಪವಾದೀತು.

ಇಷ್ಟೆಲ್ಲ ನಾನು ಊಟದ ಮೇಜಿನ ಮೇಲೆ ಚಿತ್ರ ಬರೆದು ವಿವರಿಸಿದಾಗ ಹೆಂಡತಿ ಸಮಾಧಾನದಿಂದ ಕೇಳಿಸಿಕೊಂಡಳು. "ಅದೆಲ್ಲಾ ಸರಿ ಕಣ್ರೀ, ನಾನೆಲ್ಲಿ ಕೂತ್ಕೊಳ್ಳಲಿ?" ಎಂದಳು.

ಲೇಸರ್ ಒಬ್ಬರ ದೋಣಿ. ಒಲಿಂಪಿಕ್ಸ್ ಅಲ್ಲಿಗೆ ಮುಗಿಯಿತು.

ಈಗ ಹುಡುಕುತ್ತಿರುವುದು ಹಳೆಯ ಸನ್‌ಫಿಶ್. ಅದರದ್ದೊಂದು ಗುಟ್ಟಿದೆ: ಒಡಲೊಳಗೆ ತೇಲಲೆಂದು ಇಟ್ಟ ಫೋಮ್ ವರ್ಷಗಟ್ಟಲೆ ನೀರು ಕುಡಿದು ಕೂತಿರುತ್ತದೆ. ಹೊರಗೆ ಬಣ್ಣ ಥಳಥಳ, ಎತ್ತಲು ಹೋದರೆ ಸೊಂಟ ಕಳಚುತ್ತದೆ. "ತುಂಬಾ ಹಗುರ, ಒಬ್ಬರೇ ಎತ್ತಬಹುದು" ಎಂದು ಮಾರುವವರು ಹೇಳುತ್ತಲೇ ಇರುತ್ತಾರೆ, ತಾವು ಮಾತ್ರ ಕೈಹಾಕುವುದಿಲ್ಲ. ಹಾಗಾಗಿ ದೋಣಿ ನೋಡಲು ಹೊರಟಾಗ ನನ್ನವಳು ಬಚ್ಚಲುಮನೆಯ ತೂಕದ ಯಂತ್ರವನ್ನೂ ಕಾರಿಗೆ ಹಾಕಿಕೊಳ್ಳುತ್ತಾಳೆ. ಅದನ್ನು ಹೊರತೆಗೆದು ಹುಲ್ಲಿನ ಮೇಲಿಟ್ಟರೆ ಸಾಕು, ದೋಣಿ ಏರಿಸುವ ಮೊದಲೇ ಎಷ್ಟೋ ಸಲ ಬೆಲೆ ಇಳಿದಿರುತ್ತದೆ.