ಸ್ಯಾಮ್ ಕುಕ್ ಅವರ ದನಿಯೂ ಒಡೆತನವೂ

ಅಮೆರಿಕದ ಕಪ್ಪು ಜನರ ಸೋಲ್ ಸಂಗೀತದ ಮೊದಲಿಗರಲ್ಲೊಬ್ಬರಾದ ಸ್ಯಾಮ್ ಕುಕ್ ಅವರ ಕಂಠಸಿರಿಯನ್ನೂ, 1964ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ಮೋಟೆಲೊಂದರಲ್ಲಿ ಗುಂಡೇಟಿನಿಂದಾದ ಅವರ ಸಾವನ್ನೂ ನಾನು ಓದಿದ, ಅವರ ಕುರಿತಾದ ಲೇಖನವೊಂದು ವಿವರವಾಗಿ ಹೇಳಿದೆ. ಆದರೆ ಅವರು ಕಟ್ಟಿದ ಸಂಸ್ಥೆಗಳ ಪ್ರಸ್ತಾಪ ಒಂದೇ ಸಾಲಿನಲ್ಲಿ ಮುಗಿದಿರುವುದು ನನಗೆ ದೊಡ್ಡ ಕೊರತೆಯಾಗಿ ಕಂಡಿತು.

ಕಪ್ಪು ಗಾಯಕರ ಹಾಡುಗಳ ಹಕ್ಕೂ ಲಾಭವೂ ಬಹುಪಾಲು ಕಂಪನಿಗಳ ಪಾಲಾಗುತ್ತಿದ್ದ ಆ ಕಾಲದಲ್ಲಿ, ಕುಕ್ ತಮ್ಮ ಗೆಳೆಯ ಜೆ. ಡಬ್ಲ್ಯು. ಅಲೆಕ್ಸಾಂಡರ್ ಅವರೊಡನೆ ಕ್ಯಾಗ್ಸ್ ಎಂಬ ಸಂಗೀತ ಪ್ರಕಾಶನವನ್ನೂ ಎಸ್‌ಎಆರ್ ಎಂಬ ರೆಕಾರ್ಡ್ ಕಂಪನಿಯನ್ನೂ ನಡೆಸಿದರು. ತಾವು ಆರ್‌ಸಿಎ ಕಂಪನಿಗೆ ಹಾಡುತ್ತಲೇ ಜಾನಿ ಟೇಲರ್, ಬಾಬಿ ವೊಮ್ಯಾಕ್ ಮತ್ತು ಅವರ ಸಹೋದರರ ವ್ಯಾಲೆಂಟಿನೋಸ್ ತಂಡ, ತಾವೇ 1950ರಲ್ಲಿ ಸೇರಿ ಹೆಸರು ಗಳಿಸಿದ್ದ ಸೋಲ್ ಸ್ಟಿರರ್ಸ್ ಎಂಬ ಗಾಸ್ಪೆಲ್ (ಚರ್ಚಿನ ಭಕ್ತಿಗೀತೆ) ತಂಡ, ಇವರೆಲ್ಲರ ಹಾಡುಗಳನ್ನು ಎಸ್‌ಎಆರ್ ಮೂಲಕ ಹೊರತಂದರು. ವ್ಯಾಲೆಂಟಿನೋಸ್ ತಂಡದ ಒಂದು ಹಾಡನ್ನು ಅದೇ 1964ರಲ್ಲಿ ಹಾಡಿಯೇ ರೋಲಿಂಗ್ ಸ್ಟೋನ್ಸ್ ತಂಡ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಬಾರಿಗೆ ಅಗ್ರಸ್ಥಾನಕ್ಕೇರಿತೆಂಬುದನ್ನು ನೆನೆದರೆ ಆ ಪುಟ್ಟ ಕಂಪನಿಯ ತೂಕ ತಿಳಿಯುತ್ತದೆ.

ಭಕ್ತಿಗೀತೆ ಬಿಟ್ಟು ಲೌಕಿಕ ಹಾಡಿಗೆ ಬಂದರೆ ಚರ್ಚಿನ ಶ್ರೋತೃಗಳು ಮುನಿಯುವರೆಂಬ ಅಳುಕಿನಿಂದ ಮೊದಲು ಡೇಲ್ ಕುಕ್ ಎಂಬ ಹೆಸರಿನಲ್ಲಿ ಹಾಡಿದವರು ಸ್ಯಾಮ್ ಕುಕ್. 1957ರಲ್ಲಿ ‘ಯೂ ಸೆಂಡ್ ಮಿ’ ಅಮೆರಿಕದಲ್ಲಿ ಮೊದಲ ಸ್ಥಾನ ಪಡೆದಾಗಲೂ ಆ ದನಿಯ ಎಳೆತ, ಒಂದೇ ಅಕ್ಷರವನ್ನು ಹಲವು ಸ್ವರಗಳ ಮೇಲೆ ಹರಿಸುವ ಬಗೆ, ಎಲ್ಲವೂ ಗಾಸ್ಪೆಲ್‌ನದೇ ಆಗಿತ್ತು. ಪಾದ್ರಿಯ ಮಗನಾದ ಕುಕ್ ಹಳೆಯ ತಂಡವನ್ನು ತಮ್ಮ ಕಂಪನಿಗೆ ಕರೆತಂದದ್ದು ಬರೀ ವ್ಯವಹಾರವೆಂದು ನಾನು ನಂಬಲಾರೆ. ಲೇಖಕರು ಎಸ್‌ಎಆರ್ ಬಗ್ಗೆ ಪ್ರತ್ಯೇಕವಾಗಿ ಬರೆಯಬೇಕೆಂದು ಕೋರುತ್ತೇನೆ.