ಅಗ್ಗದ ರೇಸ್ ಸೈಕಲ್ಲಿನ ‘ಇತರೆ’ ಖರ್ಚು

ರೇಸ್ ಸೈಕಲ್ಲನ್ನು ಅಂಗಡಿಯಿಂದ ಇಡಿಯಾಗಿ ಕೊಳ್ಳುವುದಕ್ಕಿಂತ, ಬಿಡಿಭಾಗಗಳನ್ನು ಒಂದೊಂದಾಗಿ ಅಗ್ಗಕ್ಕೆ ಹುಡುಕಿ ತಂದು ಜೋಡಿಸಿಕೊಂಡರೆ ಅರ್ಧಕ್ಕರ್ಧ ಹಣ ಉಳಿಯುತ್ತದೆ ಎಂಬ ಮಾತು ಲೆಕ್ಕದ ಮಟ್ಟಿಗೆ ನಿಜವೇ. ಫ್ರೇಮು, ಚಕ್ರ, ಗೇರು, ಹ್ಯಾಂಡಲ್, ಬ್ರೇಕು ಎಲ್ಲ ಸೇರಿ 25,000 ರೂಪಾಯಿ ಎಂದು ನಾನು ಬರೆದ ಪಟ್ಟಿಯ ಕೂಡುವಿಕೆಯಲ್ಲಿ ಒಂದು ಪೈಸೆಯ ವ್ಯತ್ಯಾಸವೂ ಇರಲಿಲ್ಲ. ತೋಟದ ಲೆಕ್ಕ ಬರೆಯುವ ನನ್ನ ಹೆಂಡತಿ ಮಾತ್ರ ಅದನ್ನು ಎರಡು ಸಲ ಓದಿ, ಕೊನೆಯಲ್ಲಿ ‘ಇತರೆ’ ಎಂದು ಸೇರಿಸಿ, ಅದರ ಕೆಳಗೆ ಅರ್ಧ ಪುಟ ಖಾಲಿ ಬಿಟ್ಟಳು.

ಕೊಡಗಿಗೆ ರೈಲಿಲ್ಲ. ಆದ್ದರಿಂದ ಬೆಂಗಳೂರಿನಲ್ಲಿ ಕೊಂಡ ಹಳೆಯ ಉಕ್ಕಿನ ಫ್ರೇಮು ಗೋಣಿಚೀಲ ಸುತ್ತಿಕೊಂಡು ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಮಡಿಕೇರಿಗೆ ಬಂದಿಳಿಯಿತು. ಚಂದದ ಫ್ರೇಮೇ, ಸಂಶಯವಿಲ್ಲ. ಆದರೆ ಹಿಂದಿನ ಚಕ್ರ ಕೂರುವ ಅದರ ಹಿಂಗಾಲುಗಳ ನಡುವಿನ ಅಂತರ 126 ಮಿಲಿಮೀಟರ್. ನಾನು ತಂದಿದ್ದ ಹೊಸ ಕಾಲದ ಚಕ್ರದ ಹಬ್ಬಿಗೆ, ಅಂದರೆ ನಡುವಿನ ಗುಂಬಕ್ಕೆ, 130 ಬೇಕು. ಕಾರ್ಬನ್ ಅಥವಾ ಅಲ್ಯೂಮಿನಿಯಂ ಆಗಿದ್ದರೆ ಹಿಗ್ಗಿಸುವ ಯೋಚನೆಯನ್ನೇ ಮಾಡುವಂತಿಲ್ಲ. ಉಕ್ಕಾದರೆ ಹದವರಿತು ಬಾಗಿಸಬಹುದು. ಅದಕ್ಕಾಗಿ ಕಾಫಿ ಪಲ್ಪರ್ ಮತ್ತು ಕಳೆ ಕೊಚ್ಚುವ ಯಂತ್ರಗಳನ್ನು ದುರಸ್ತಿ ಮಾಡುವ ಮೇಸ್ತ್ರಿಯ ಬಳಿಗೆ ಒಯ್ದೆ.

“ನಾಲ್ಕೇ ಮಿಲಿಮೀಟರಾ ಸರ್, ಇದೂ ಒಂದು ಕೆಲಸವಾ?” ಎನ್ನುತ್ತ ಅವರು ಜಾಕ್ ಹುಡುಕಲು ಎದ್ದರು. ಅವರನ್ನು ಕಾಡಿ ಬೇಡಿ ಕೂರಿಸಿ, ಉದ್ದದ ಥ್ರೆಡ್ ರಾಡಿಗೆ ಎರಡು ನಟ್ಟು ಹಾಕಿ ಒಳಗಿನಿಂದ ಮೆಲ್ಲಗೆ ತಳ್ಳುವ ಉಪಾಯಕ್ಕೆ ಒಪ್ಪಿಸಿದೆ. ಉಕ್ಕಿಗೆ ಹಟ ಜಾಸ್ತಿ. 130ಕ್ಕೆ ತಳ್ಳಿ ಬಿಟ್ಟರೆ ಮತ್ತೆ 126ಕ್ಕೇ ಬರುತ್ತದೆ, ಆದ್ದರಿಂದ ಅದಕ್ಕಿಂತ ಸಾಕಷ್ಟು ಮುಂದಕ್ಕೆ ತಳ್ಳಿ, ಬಿಟ್ಟು, ಅಳೆದು, ಮತ್ತೆ ತಳ್ಳಬೇಕು. ಎರಡೂ ಕಾಲುಗಳು ಸಮನಾಗಿ ಸರಿದಿವೆಯೇ ಎಂದು ನೋಡಲು ಹ್ಯಾಂಡಲ್ ಕೂರುವ ಮುಂದಿನ ಹೆಡ್ ಟ್ಯೂಬಿಗೆ ದಾರ ಸುತ್ತಿ, ಅದರ ಎರಡು ತುದಿಗಳನ್ನು ಹಿಂದಿನ ಎರಡು ಕಾಲುಗಳಿಗೆ ಬಿಗಿದು, ಸೀಟಿನ ಕೊಳವೆಗೂ ದಾರಕ್ಕೂ ನಡುವಿನ ಅಂತರವನ್ನು ಎಡಬಲದಲ್ಲಿ ಅಳೆಯುತ್ತಾರೆ. ಮೆಣಸಿನ ಬಳ್ಳಿ ಕಟ್ಟುವ ಹುರಿಯಿಂದ ನಾವು ಅಳೆದಾಗ ಬಲಗಡೆ ಎರಡು ಮಿಲಿಮೀಟರ್ ಕಡಿಮೆ ಬಂತು. ಮೇಸ್ತ್ರಿ ಒಂದು ಕಣ್ಣು ಮುಚ್ಚಿ ದೀರ್ಘವಾಗಿ ಪರಿಶೀಲಿಸಿ, “ಫ್ರೇಮು ಸರಿಯಾಗಿದೆ ಸರ್, ಹುರಿ ಡೊಂಕಿದೆ” ಎಂದು ತೀರ್ಪು ಕೊಟ್ಟರು. ಮಜೂರಿ ‘ಇತರೆ’ಗೆ ಹೋಯಿತು.

ಮುಂದಿನದು ಪೆಡಲಿನ ಅಚ್ಚು ಕೂರುವ ಬಾಟಮ್ ಬ್ರಾಕೆಟ್ಟಿನ, ಅಂದರೆ ಬಿ.ಬಿ.ಯ, ಬಟ್ಟಲಿನಂಥ ‘ಕಪ್ಪು’. ಪೆಡಲುಗಳ ಪೈಕಿ ಎಡಗಡೆಯದಕ್ಕೆ ಉಲ್ಟಾ ಥ್ರೆಡ್ ಇರುತ್ತದೆ. ಇಂಗ್ಲಿಷ್ ಅಳತೆಯ ಬಿ.ಬಿ.ಯಲ್ಲಿ ಬಲಗಡೆಯದಕ್ಕೆ. ತುಳಿತಕ್ಕೆ ತಾನಾಗಿ ಸಡಿಲವಾಗಬಾರದೆಂದು ಮಾಡಿದ ವ್ಯವಸ್ಥೆಯಂತೆ, ಆದರೆ ಬಿಚ್ಚುವವನ ತಾಳ್ಮೆಯ ಬಗ್ಗೆ ಯಾರೂ ಯೋಚಿಸಿದಂತಿಲ್ಲ. ಹಾಕಿ ಆಟದಲ್ಲಿ ರಕ್ಷಣೆಗೆ ನಿಲ್ಲುವ ನನ್ನ ಭಾವ ಈ ವಿವರಣೆ ಮುಗಿಯುವ ಮೊದಲೇ ಪಾನಾಕ್ಕೆ ಉದ್ದದ ಪೈಪು ಸಿಕ್ಕಿಸಿ ಕೆಲಸ ಆರಂಭಿಸಿದ್ದರು. “ತುಕ್ಕು ಹಿಡಿದಿದೆ ಭಾವ, ನೀವು ಫ್ರೇಮು ಗಟ್ಟಿಯಾಗಿ ಹಿಡ್ಕೊಳ್ಳಿ” ಎನ್ನುತ್ತ, ಬಿಚ್ಚಬೇಕಾದುದನ್ನು ಅವರು ಬೆಳಗಿನ ತಿಂಡಿಯಿಂದ ಮಧ್ಯಾಹ್ನದ ಊಟದವರೆಗೆ ಬಿಗಿ ಮಾಡಿದರು. ಪೈಪು ಬಾಗಿತು. ಕೊನೆಗೆ ಗ್ಯಾಸಿನ ಉರಿಯಲ್ಲಿ ಕಾಯಿಸಿ, ಮೇಸ್ತ್ರಿಯ ಕೈಯಲ್ಲಿ ಸರಿಯಾದ ದಿಕ್ಕಿಗೆ ತಿರುಗಿಸಿದಾಗಲೇ ಕಪ್ಪು ಹೊರಬಂದದ್ದು.

ಗೇರಿನ ಕಥೆಯೇ ದೊಡ್ಡದು. ಅಗ್ಗಕ್ಕೆ ಸಿಕ್ಕಿದ್ದ ಕ್ರ್ಯಾಂಕಿನ (ಪೆಡಲಿನ ತೋಳಿನ) ಮುಂದಿನ ಹಲ್ಲುಚಕ್ರಗಳಿಗೆ 53 ಮತ್ತು 39 ಹಲ್ಲು, ಹಿಂದಿನ ಹಲ್ಲುಚಕ್ರಗಳ ಗುಚ್ಛದಲ್ಲಿ ಅತಿ ದೊಡ್ಡದಕ್ಕೆ 23. ಬಯಲುಸೀಮೆಯಲ್ಲಿ ಇದು ಬಾಣದಂತೆ ಓಡಬಹುದು. ಸಂಪಾಜೆಯಿಂದ ಮಡಿಕೇರಿಗೆ ಘಟ್ಟ ಹತ್ತುವವನಿಗೆ ಮೊಣಕಾಲಿನ ವೈದ್ಯರ ವಿಳಾಸ ಮೊದಲೇ ಗೊತ್ತಿರಬೇಕು. ಟೂರ್ ಡಿ ಫ್ರಾನ್ಸ್ ಸ್ಪರ್ಧೆಯಲ್ಲಿ ಚೈನು ಹಾರಿಸುವ ಗೇರಿಗೆ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಅದಕ್ಕೆ ಮೊದಲು ಗುಡ್ಡ ಎದುರಾದಾಗ ಸವಾರರು ಕೆಳಗಿಳಿದು, ಹಿಂದಿನ ಚಕ್ರವನ್ನೇ ಬಿಚ್ಚಿ, ಇನ್ನೊಂದು ಬದಿಯ ಹಲ್ಲುಚಕ್ರ ಚೈನಿಗೆ ಸಿಗುವಂತೆ ಮಗ್ಗುಲು ಬದಲಿಸಿ ಹಾಕಿಕೊಳ್ಳುತ್ತಿದ್ದರು. ಅವರ ಮೇಲೆ ನನಗೆ ಅಪಾರ ಗೌರವ ಹುಟ್ಟಿದ್ದು ಅದೇ ದಾರಿಯ ಕೊಯನಾಡು ದಾಟಿದ ಮೇಲೆ. ಇನ್ನು 39ನ್ನು ತೆಗೆದು 34 ಹಾಕೋಣವೆಂದರೆ, ಆ ಕ್ರ್ಯಾಂಕಿನ ಬೋಲ್ಟುಗಳು 130 ಮಿಲಿಮೀಟರ್ ವ್ಯಾಸದ ವೃತ್ತದಲ್ಲಿರುವುದರಿಂದ 38ಕ್ಕಿಂತ ಚಿಕ್ಕದು ಕೂರುವುದೇ ಇಲ್ಲ. 34ಕ್ಕೆ 110ರ ವೃತ್ತದ ಬೇರೆ ಕ್ರ್ಯಾಂಕೇ ಬೇಕು. ಹಿಂದೆ 32 ಹಲ್ಲಿನದು ಹಾಕಿದರೆ ಚೈನು ಹಾರಿಸುವ ಗಿಡ್ಡ ತೋಳಿನ ಡೀರೇಲರ್ ಒಪ್ಪದು, ಉದ್ದ ತೋಳಿನದು ಬೇಕು. ಅದು ಬಂದರೆ ಚೈನು ಸಾಲದು. ಮದುವೆಗೆ ಒಬ್ಬರನ್ನು ಕರೆದರೆ ಇಡೀ ಒಕ್ಕವೇ (ಮನೆತನವೇ) ಬಂದಂತೆ, ಒಂದು ಹಲ್ಲಿನ ಚಕ್ರದ ಹಿಂದೆ ಅದರ ನೆಂಟರೆಲ್ಲ ಬಂದಿಳಿದರು. ಹನ್ನೊಂದು ಗೇರಿನ ಹಬ್ಬಿನ ಮೇಲೆ ಒಂಬತ್ತು ಗೇರಿನ ಗುಚ್ಛ ಕೂರಿಸಲು 1.85 ಮಿಲಿಮೀಟರಿನ ವಾಷರೊಂದು ಬೇಕಿತ್ತು. ಮೇಸ್ತ್ರಿ ಅದನ್ನು ಎರಡಕ್ಕೇ ಕಡೆದು ಕೊಡಲು ಮುಂದಾದರು, “ಉಳಿದ ಹದಿನೈದು ಪಾಯಿಂಟು ಯಾರು ನೋಡ್ತಾರೆ ಸರ್?” ಗೇರು ನೋಡುತ್ತದೆ ಎಂದೆ, ಅವರು ನಂಬಲಿಲ್ಲ.

ಟ್ಯೂಬಿನ ಸಣ್ಣ ವಾಲ್ವಿಗೆ ನಮ್ಮೂರಿನ ಪಂಕ್ಚರ್ ಅಂಗಡಿಯ ಗಾಳಿಯ ಪೈಪು ಹೊಂದುವುದಿಲ್ಲ. ಅದಕ್ಕೆ ಬೇಕಾದ ಹಿತ್ತಾಳೆಯ ಅಡಾಪ್ಟರ್ ಇಡೀ ಸೈಕಲ್ಲಿನಲ್ಲಿ ಅತ್ಯಂತ ಅಗ್ಗದ ವಸ್ತು. ಆದ್ದರಿಂದಲೇ ಅದು ವಾರಕ್ಕೊಮ್ಮೆ ಕಳೆದುಹೋಗುತ್ತದೆ.

ಅಂತೂ ಸೈಕಲ್ ನಿಂತಿತು, ಓಡಿತು, ಮಳೆಗಾಲದಲ್ಲಿ ಬ್ರೇಕು ಹಿಡಿಯುವುದಕ್ಕಿಂತ ಕೂಗುವುದೇ ಹೆಚ್ಚು ಎಂಬುದನ್ನು ಬಿಟ್ಟರೆ ದೂರೇನೂ ಇಲ್ಲ. ‘ಇತರೆ’ಯ ಅರ್ಧ ಪುಟ ತುಂಬಿ ಲೆಕ್ಕವು ಹಿಂಬದಿಗೆ ದಾಟಿತ್ತು. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಸೈಕಲ್ಲು 6.8 ಕಿಲೋಗಿಂತ ಹಗುರವಾಗಿರಬಾರದು ಎಂಬ ನಿಯಮವಿದೆ. ನಮ್ಮದು ಆ ನಿಯಮವನ್ನು ಮುರಿಯುತ್ತದೆಯೋ ಎಂದು ನೋಡಲೇಬೇಕೆಂದು ಭಾವ ಹಟ ಹಿಡಿದದ್ದರಿಂದ, ಜಡಿಮಳೆಯಲ್ಲೇ ಅದನ್ನು ಮೆಣಸಿನ ವ್ಯಾಪಾರಿಯ ತಕ್ಕಡಿಗೆ ಏರಿಸಿದೆವು. 10 ಕಿಲೋ 400 ಗ್ರಾಂ ತೋರಿಸಿತು. ವ್ಯಾಪಾರಿಗಳು ತೊಟ್ಟಿಕ್ಕುತ್ತಿದ್ದ ಸೈಕಲ್ಲನ್ನೊಮ್ಮೆ ನೋಡಿ, ಚೀಟಿಯ ಮೇಲೆ ಅಭ್ಯಾಸಬಲದಿಂದ ಬರೆದರು: “ತೇವಾಂಶಕ್ಕೆ 400 ಗ್ರಾಂ ಕಡಿತ.”